ಗುಂಡುಕಲ್ಲಿನ ಪಾಲು

ದಾವಣಗೆರೆಯ ಹಳೇ ಹತ್ತಿ ಗೋದಾಮು, ತಗಡಿನ ಮಾಡು,
ಕೆಳಗೆ ಐದು ಜನ, ಬೆಳಿಗ್ಗೆ ಆರಕ್ಕೇ.
ಬಿಸಿಲೇರಿದರೆ ಚರ್ಮ ಬಿಗಿದು ಶ್ರುತಿ ತಪ್ಪುತ್ತದೆ
ಅನ್ನುತ್ತಾಳೆ ಇದನ್ನು ಬರೆದ ಕುಂದವಾಡದ ಸುಧಾಮಣಿ.
ಕಾಗದದ ತುಂಬ ಕಡ್ಡಿ, ಚುಕ್ಕಿ, ಖಾಲಿ ಮನೆ.
ಓದು ಬಾರದ ದಾದಾಪೀರನಿಗೆ
ಅವನ ಬೆರಳು ಹಿಡಿದೇ ಎಣಿಸಿ ತೋರಿಸುತ್ತಾಳೆ:
ಮೂರು, ಮೂರು, ಎರಡು. ಆಮೇಲೆ ಉಸಿರು.

ಕೊಟ್ರಬಸಣ್ಣನದು ಸಮ್ಮಾಳ.
ಮೊಳಕಾಲ್ಮೂರಿನ ಓಬಳೇಶನದು ಉರುಮೆ,
ಬಾಗಿದ ಕಡ್ಡಿ ಉಜ್ಜಿದರೆ ಮುದಿ ಹುಲಿ ನಿದ್ದೆಯಲ್ಲಿ ನರಳಿದ ಹಾಗೆ.
ದಾದಾಪೀರನಿಗೆ ಅವನ ಭಟ್ಟಿಯದೇ ಬಾಂಡಲಿ, ಜರಡಿ;
ಜರಡಿಯಲ್ಲಿ ಮಂಡಕ್ಕಿಯಿಲ್ಲ, ಬರೀ ಮರಳು.
ನಾಗವೇಣಿಗೆ ಎರಡು ಜಾಗಟೆ, ಒಂದು ಸೀಳಿದ್ದು.
ನನಗೆ ಒಂದು ಕಲ್ಲು,
ಹಳೇ ಸೀರೆಯ ಒಂದು ತುಂಡು.

ಕತೆ ಗ್ರೀಸ್ ದೇಶದ್ದು. ಕ್ರೋನಸ್ ಅಂತ ಒಬ್ಬ ಅಪ್ಪ,
ಹುಟ್ಟಿದ ಮಕ್ಕಳನ್ನೆಲ್ಲ ನುಂಗಿದವನು.
ಓಬಳೇಶ ಅಂದ: "ಇವನ ಮುಂದೆ ಕಂಸ ಎಷ್ಟೋ ವಾಸಿ.
ಅವನು ತಂಗಿ ಮಕ್ಕಳನ್ನ ಬಂಡೆಗೆ ಬಡಿದ,
ಸ್ವಂತದ್ದನ್ನಲ್ಲ."
ಆರನೆಯದನ್ನು ತಾಯಿ ಗವಿಯಲ್ಲಿ ಬಚ್ಚಿಟ್ಟಳು.
ಬಚ್ಚಿಟ್ಟರೆ ಕೂಸು ಅಳದೆ ಇರುತ್ತದೆಯೇ?
ಗವಿಯ ಬಾಯಲ್ಲಿ ಹುಡುಗರು
ಗುರಾಣಿಗೆ ಈಟಿ ಕುಟ್ಟಿ ಕುಣಿದರಂತೆ ಹಗಲೂ ರಾತ್ರಿ,
ಅಳು ಅಪ್ಪನ ಕಿವಿ ಮುಟ್ಟದ ಹಾಗೆ.
"ಆ ಹುಡುಗರು ನೀವು," ಅಂದಳು ಸುಧಾಮಣಿ.
"ಕಿವಿ ಕಿತ್ತು ಹೋಗೋ ಹಂಗೆ ಬಾರಿಸ್ರಿ.
ಒಳಗೊಂದು ಕೂಸೈತಿ ಅನ್ನೋದು ಕೈಗೆ ಗೊತ್ತಿರಲಿ."

ಹಾಗಾದರೆ ಅಪ್ಪನಿಗೆ ಏನು ಕೊಟ್ಟರು?
ಬಟ್ಟೆ ಸುತ್ತಿದ ಕಲ್ಲು. ನುಂಗಿ ತೇಗಿದ.
ನಾಗವೇಣಿ ಜಾಗಟೆ ಕೆಳಗಿಟ್ಟು ನಕ್ಕೇ ನಕ್ಕಳು.
"ಅಯ್ಯ, ಗುಂಡಪ್ಪ! ಹೆಸರಿಡೋ ದಿನ
ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕ್ತೀವಲ್ಲ,
ಎಣ್ಣೆ ಹಚ್ಚಿ, ಎರೆದು, ಕುಲಾವಿ ಕಟ್ಟಿ!
ಯಾಕಂತ ನಮ್ಮತ್ತೆಗೂ ಗೊತ್ತಿರಲಿಲ್ಲ."
ಸುಧಾಮಣಿ ಪೆನ್ಸಿಲ್ ಹುಡುಕಿದಳು.
ನನ್ನ ಸಾಲಿನ ಮುಂದೆ 'ಐದನೆಯ ವಾದ್ಯ' ಅಂತಿದ್ದದ್ದನ್ನು ಹೊಡೆದು
ಗುಂಡಪ್ಪ ಅಂತ ಬರೆದಳು.

ನನ್ನ ಪಾಲು ಕೊನೆಗೆ. ಅಲ್ಲಿಯವರೆಗೆ
ನೂರಾ ಹನ್ನೆರಡು ಆವರ್ತ ಎಣಿಸುತ್ತ ಕೂರಬೇಕು
ಈ ಗದ್ದಲದ ನಟ್ಟನಡುವೆ.
ನನಗಿದು ಹೊಸದಲ್ಲ.
ಅವ್ವ ಮಿಲ್ಲಿನಲ್ಲಿದ್ದಳು, ಎರಡನೇ ಪಾಳಿ.
ನೂಲುವ ಯಂತ್ರಗಳ ಸಾಲಿನಾಚೆ, ಕಂಬಕ್ಕೆ ಕಟ್ಟಿದ ಜೋಳಿಗೆಯಲ್ಲಿ
ಅರಳೆ ಧೂಳಿಗೆ ಸೀನುತ್ತ ನಾನು.
ಅತ್ತದ್ದು ಕೇಳುತ್ತಿರಲಿಲ್ಲವಂತೆ.
ಹಾಲು ತುಂಬಿ ರವಿಕೆ ತೋಯ್ದಾಗ
ಎದ್ದಿರಬೇಕು ಅಂತ ಓಡಿ ಬರುತ್ತಿದ್ದಳಂತೆ.
ಯಾರ ಬಾಯಿಂದ ನನ್ನನ್ನು ಉಳಿಸುತ್ತಿತ್ತು ಆ ಸದ್ದು,
ಕೇಳಬೇಕಾದವಳ ಕಿವಿಯನ್ನೇ ಮುಚ್ಚಿ?
ಮಿಲ್ಲು ನಿಂತು ಎಷ್ಟು ವರ್ಷವಾದರೂ
ಅವ್ವ ಮನೆಯೊಳಗೆ ಕೂಗಿಯೇ ಮಾತಾಡಿದಳು,
ಉಪ್ಪು ಕೇಳುವುದಕ್ಕೂ.

ಚಹಾ ಕುಡಿಯುವಾಗ ಇದನ್ನು ಸುಧಾಮಣಿಗೆ ಹೇಳಿದೆ.
ಹೂಂ ಅಂದಳು, ಅಷ್ಟೇ.
ಮರುದಿನದ ಕಾಗದದಲ್ಲಿ, ಎಲ್ಲರೂ ಬೆವೆತು ಬಡಿಯುವ ಕಡೆ,
ಎರಡು ಖಾಲಿ ಮನೆ.
"ಇಲ್ಲಿ ಎಲ್ಲಾರ ಕೈ ಗಾಳಿಯಾಗ ನಿಲ್ಲಬೇಕು."
"ಅಪ್ಪಗೆ ಕೇಳಿಸಿಬಿಟ್ರೆ?" ದಾದಾಪೀರ ಕೇಳಿದ.
"ಕೇಳಿಸ್ಲಿ. ಅವ್ವಗೂ ಕೇಳಿಸ್ತೈತಿ."

ಇವತ್ತು ಆ ಎರಡು ಮನೆಗಳಲ್ಲಿ ಕೇಳಿದ್ದು:
ಜರಡಿಯಲ್ಲಿ ಮರಳು ಕೂರುವುದು,
ಮಾಡಿನ ಮೇಲೆ ಪಾರಿವಾಳದ ಉಗುರು,
ಸೀಳು ಜಾಗಟೆಯಲ್ಲಿ ಇನ್ನೂ ಸಾಯದ ಒಂದು ಎಳೆ,
ಭಟ್ಟಿ ಹೊಗೆ ಕುಡಿದ ದಾದಾಪೀರನ ಕೆಮ್ಮು.
ಕ್ಷಮಿಸ್ರಿ ಅಂದ ಅವನು.
ಕೆಮ್ಮು ಇರಲಿ ಅಂದಳು ಅವಳು, ಬರೆದುಕೊಂಡಳು.

ನೂರಾ ಹನ್ನೆರಡು ಮುಗಿಯಿತು.
ಸೀರೆ ತುಂಡಿನಲ್ಲಿ ಕಲ್ಲು ಸುತ್ತಿ
ಮರದ ಹಲಗೆಯ ಮೇಲೆ ಇಳಿಸುತ್ತೇನೆ, ಧಪ್ ಅನ್ನುವುದಕ್ಕಿಂತ
ಒಂದಿಷ್ಟು ಕಡಿಮೆ.
ಕಲ್ಲಿಗೆ ಕತ್ತಿಲ್ಲ, ಗೊತ್ತು.
ಆದರೂ ಪ್ರತಿಸಲ
ಅಂಗೈ ಅಲ್ಲಿಗೇ ಹೋಗಿ ಆನಿಸಿಕೊಳ್ಳುತ್ತದೆ.